ಬೈಕ್ ಯಾರ ಹೆಸರಲ್ಲಿದೆ?
(ಯುಎಇಯಲ್ಲಿ ಬೈಕ್ ಓಡಿಸುವ ಕನ್ನಡಿಗರಿಗಾಗಿ ಮಾಡಿದ ಮಾತಿನ ಬರಹರೂಪ)



ಹೊಸ ಬೈಕ್ ತಗೊಳ್ಳುವಾಗ ಏನು ನೋಡಬೇಕು ಅಂತ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಮೈಲೇಜ್ ಎಷ್ಟು, ಪಿಕಪ್ ಹೇಗೆ, ಪಲ್ಸರ್ ಒಳ್ಳೆಯದಾ ಯೂನಿಕಾರ್ನ್ ಒಳ್ಳೆಯದಾ, ಇದೆಲ್ಲ ದಿನಕ್ಕೆ ಹತ್ತು ಗಂಟೆ ಸೀಟಿನ ಮೇಲೆ ಕೂರುವ ನಿಮಗೇ ಚೆನ್ನಾಗಿ ಗೊತ್ತು. ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ನಾನು ಹೇಳೋಕೆ ಬಂದಿರೋದು ಶೋರೂಮಿನಲ್ಲಿ ಯಾರೂ ಹೇಳದ ಎರಡು ಪ್ರಶ್ನೆ. ಬೈಕ್ ಯಾರ ಹೆಸರಲ್ಲಿದೆ? ಏನಾದ್ರೂ ಆದರೆ ಹೊಣೆ ಯಾರದು? ಈ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಬೈಕ್ ಕೀ ಕೈಗೆ ತಗೊಳ್ಳಬೇಡಿ.

ಮೊದಲು ಲೈಸೆನ್ಸ್

ಊರಲ್ಲಿ ಹತ್ತು ವರ್ಷ ಬೈಕ್ ಓಡಿಸಿದ್ದೀನಿ, ಲೈಸೆನ್ಸ್ ಇದೆ ಅನ್ನೋದು ಇಲ್ಲಿ ನಡೆಯೋಲ್ಲ. ರೆಸಿಡೆನ್ಸ್ ವೀಸಾದಲ್ಲಿ ಇರುವ ನಮಗೆ ಇಲ್ಲಿಯ ಲೈಸೆನ್ಸೇ ಬೇಕು. ಇಲ್ಲಿ ಕಾರ್ ಲೈಸೆನ್ಸ್ ಇದ್ದರೂ ಬೈಕಿಗೆ ಸಾಲದು, ಬೈಕಿನ ವರ್ಗವೇ ಬೇರೆ. ಕಣ್ಣಿನ ಪರೀಕ್ಷೆ, ಥಿಯರಿ, ತರಬೇತಿ, ಆಮೇಲೆ ರೋಡ್ ಟೆಸ್ಟ್, ಇಷ್ಟೂ ದಾಟಬೇಕು. "ಟೆಸ್ಟ್ ಪಾಸಾಗೋವರೆಗೆ ಸಣ್ಣ ಗಲ್ಲಿಯಲ್ಲಿ ಓಡಿಸು, ಏನೂ ಆಗಲ್ಲ" ಅಂತ ಸೂಪರ್‌ವೈಸರ್ ಹೇಳಿದರೂ ಒಪ್ಪಬೇಡಿ. ಪೊಲೀಸ್ ಹಿಡಿದರೆ ಕೇಸ್ ಬೀಳೋದು ಓಡಿಸಿದವನ ಮೇಲೆ.

ತರಬೇತಿ ಮತ್ತು ಟೆಸ್ಟಿನ ಖರ್ಚು ಯಾರು ಕೊಡ್ತಾರೆ ಅನ್ನೋದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ನೇಮಕಾತಿ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ ಅಂತ ಇಲ್ಲಿಯ 2021ರ ಕಾರ್ಮಿಕ ಕಾಯ್ದೆ, ಅಂದರೆ 33ನೇ ನಂಬರಿನ ಫೆಡರಲ್ ಕಾಯ್ದೆ, ಸ್ಪಷ್ಟವಾಗಿ ಹೇಳುತ್ತೆ. ಆಫರ್ ಲೆಟರ್ ಅರಬಿ, ಇಂಗ್ಲಿಷ್ ಮಾತ್ರವಲ್ಲ, ಹಿಂದಿ, ಉರ್ದು, ಮಲಯಾಳಂ, ತಮಿಳಿನಲ್ಲೂ ಸಿಗುತ್ತೆ. ನಿಮಗೆ ಓದೋಕೆ ಬರುವ ಭಾಷೆಯದನ್ನೇ ಕೇಳಿ ತಗೊಳ್ಳಿ.

"ಎರಡು ವರ್ಷ ಕಟ್ಟಿದರೆ ಬೈಕ್ ನಿಂದೇ"

ನಮ್ಮ ಹತ್ತಿರ ಸಲಹೆ ಕೇಳೋಕೆ ಬರುವವರಲ್ಲಿ ಮತ್ತೆ ಮತ್ತೆ ಬರುವ ವಿಷಯ ಇದು. ಕಂಪನಿಯವರು ಹೊಸ ಬೈಕ್ ತೋರಿಸಿ, "ತಿಂಗಳಿಗೆ ಇಷ್ಟು ಹಿಡ್ಕೋತೀವಿ, ಎರಡು ವರ್ಷ ಆದಮೇಲೆ ಬೈಕ್ ನಿಂದೇ" ಅಂತಾರೆ. ಹುಡುಗನಿಗೆ ಖುಷಿ. ಊರಿಗೆ ಫೋಟೋ ಕಳಿಸ್ತಾನೆ, ಮನೆಯಲ್ಲಿ ಅಮ್ಮ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸು ಅಂತಾಳೆ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 350 ದಿರ್ಹಮ್ ಅಂದುಕೊಳ್ಳೋಣ. 24 ತಿಂಗಳಿಗೆ 8,400 ದಿರ್ಹಮ್. ಹದಿನೆಂಟನೇ ತಿಂಗಳಲ್ಲಿ ಕೆಲಸ ಬಿಡಬೇಕಾಗಿ ಬಂತು, ಅಥವಾ ಅವರೇ ಬಿಡಿಸಿದರು ಅಂದುಕೊಳ್ಳಿ. ಆಗ ನೀವು ಕೊಟ್ಟಿರೋದು 6,300. ಬೈಕ್ ಯಾರದು? ಮುಲ್ಕಿಯಾ ತೆಗೆದು ನೋಡಿ. ಅದರಲ್ಲಿ ಕಂಪನಿ ಹೆಸರಿದ್ದರೆ ಬೈಕ್ ಕಂಪನಿಯದು. ಬಾಯಿಮಾತಿನ "ನಿಂದೇ" ಅನ್ನೋದಕ್ಕೆ ಯಾವ ಕೌಂಟರಿನಲ್ಲೂ ಬೆಲೆ ಇಲ್ಲ.

ಆದ್ದರಿಂದ ಸಹಿ ಹಾಕುವ ಮುಂಚೆ ಈ ಐದು ಮಾತು ಕಾಗದದಲ್ಲಿ ಇದೆಯಾ ನೋಡಿ:

1. ಬೈಕಿನ ಒಟ್ಟು ಬೆಲೆ ಎಷ್ಟು, ತಿಂಗಳ ಕಂತು ಎಷ್ಟು, ಎಷ್ಟು ತಿಂಗಳು.
2. ಮುಲ್ಕಿಯಾ ಯಾವಾಗ, ಯಾರ ಹೆಸರಿಗೆ ಬದಲಾಗುತ್ತೆ.
3. ಮಧ್ಯದಲ್ಲಿ ಕೆಲಸ ಬಿಟ್ಟರೆ ಕಟ್ಟಿದ ಹಣ ಏನಾಗುತ್ತೆ.
4. ಇನ್ಶೂರೆನ್ಸ್, ಸರ್ವಿಸ್, ಟೈರ್ ಖರ್ಚು ಯಾರದು.
5. ಬೈಕ್ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲೂ ಕಂತು ಹಿಡೀತಾರಾ.

ಸಂಬಳದಲ್ಲಿ ಹಿಡಿಯೋಕೂ ಮಿತಿ ಇದೆ. ಬೈಕಿಗೆ ಆದ ಹಾನಿಯ ಹಣ ಹಿಡಿಯಬೇಕಾದರೆ ಅದು ನಿಮ್ಮ ತಪ್ಪಿನಿಂದ ಆಗಿರಬೇಕು, ನಿಮ್ಮ ಲಿಖಿತ ಒಪ್ಪಿಗೆಯೂ ಬೇಕು. ಕಂಪನಿಯ ಶಿಸ್ತಿನ ನಿಯಮ ಮೀರಿದ್ದಕ್ಕೆ ಹಾಕುವ ದಂಡ ಸಂಬಳದ ಶೇಕಡಾ 5 ದಾಟುವಂತಿಲ್ಲ. ಎಷ್ಟೇ ಕಾರಣ ಸೇರಿದರೂ ಒಟ್ಟು ಕಡಿತ ಸಂಬಳದ ಅರ್ಧ ಮೀರಬಾರದು. ಅದಕ್ಕೇ ಹೇಳೋದು, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಖಾಲಿ ಕಾಗದದ ಸಹಿ ಅಂದರೆ ಒಪ್ಪಿಗೆಯನ್ನು ಅವರ ಕೈಗೇ ಬರೆದುಕೊಟ್ಟ ಹಾಗೆ.

ಸ್ವಂತ ಬೈಕ್ ತಗೊಳ್ಳುವವರಿಗೆ

ರೂಮಿನಿಂದ ಸೈಟಿಗೆ ಹೋಗಿ ಬರೋಕೆ, ಶಾಪಿಂಗಿಗೆ ಅಂತ ಸ್ವಂತ ಬೈಕ್ ತಗೊಳ್ಳೋದು ತಪ್ಪಲ್ಲ. ಆದರೆ ಸ್ವಂತಕ್ಕೆ ಅಂತ ರಿಜಿಸ್ಟರ್ ಮಾಡಿದ ಬೈಕಿನಲ್ಲಿ ಸಂಜೆ ಹೊತ್ತು ಪಾರ್ಸೆಲ್ ಹೊಡೆದು ನಾಲ್ಕು ಕಾಸು ಮಾಡ್ತೀನಿ ಅಂತ ಹೊರಡಬೇಡಿ. ಡೆಲಿವರಿ ಕೆಲಸಕ್ಕೆ ಪರ್ಮಿಟ್ ಇರುವ ಕಂಪನಿ, ಆ ಕಂಪನಿಯ ಬೈಕ್ ಬೇಕು. ಇನ್ಶೂರೆನ್ಸ್ ಕೂಡ ಸ್ವಂತ ಬಳಕೆಗೇ ಬೇರೆ, ವ್ಯಾಪಾರಕ್ಕೇ ಬೇರೆ.

ಸಾಲದಲ್ಲಿ ತಗೊಂಡರೆ ಬ್ಯಾಂಕಿನ ಅಡಮಾನ ಮುಲ್ಕಿಯಾದಲ್ಲೇ ದಾಖಲಾಗಿರುತ್ತೆ. ಅದು ತೀರೋವರೆಗೆ ಮಾರೋಕೆ ಆಗಲ್ಲ. ಹಳೇ ಬೈಕ್ ತಗೊಳ್ಳುವಾಗಲೂ ಇದನ್ನೇ ಮೊದಲು ನೋಡಿ: ಸಾಲ ಬಾಕಿ ಇದೆಯಾ, ಹಳೇ ಮಾಲೀಕನ ಫೈನ್ ಬಾಕಿ ಇದೆಯಾ. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ತಯಾರಾದ ಟೈರ್ ಅಂತ ಅರ್ಥ. ಇಲ್ಲಿಯ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತೆ. ಹೂವು ಸವೆದಿಲ್ಲ ಅಂತ ಹಳೇ ಟೈರಿಗೆ ಮೋಸ ಹೋಗಬೇಡಿ.

ಇನ್ನೊಂದು. ನಿಮ್ಮ ಹೆಸರಿನ ಬೈಕನ್ನು ರೂಮ್‌ಮೇಟಿಗೆ "ಒಂದು ರೌಂಡ್ ಹೋಗಿ ಬಾ" ಅಂತ ಕೊಡುವ ಮೊದಲು ಅವನ ಲೈಸೆನ್ಸ್ ನೋಡಿ. ಸ್ನೇಹ ಬೇರೆ, ಮುಲ್ಕಿಯಾ ಬೇರೆ.

ಇನ್ಶೂರೆನ್ಸ್ ಯಾರನ್ನು ಕಾಯುತ್ತೆ?

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಅಂದರೆ ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಕಾಲು ಮುರಿದರೆ ಅದು ಕೊಡಲ್ಲ. ಓಡಿಸುವವನಿಗೆ ಪರ್ಸನಲ್ ಆಕ್ಸಿಡೆಂಟ್ ಕವರ್ ಬೇರೆ ಸೇರಿಸಬೇಕು. ಕಂಪನಿ ಬೈಕ್ ಆದರೂ ಪಾಲಿಸಿಯಲ್ಲಿ ಅದು ಇದೆಯಾ ಅಂತ ಕೇಳೋ ಹಕ್ಕು ನಿಮಗಿದೆ.

ನಿಮ್ಮ ತಪ್ಪಿನಿಂದ ಒಬ್ಬರ ಜೀವ ಹೋದರೆ ಇಲ್ಲಿ ದಿಯಾ, ಅಂದರೆ ರಕ್ತ ಪರಿಹಾರ, 2 ಲಕ್ಷ ದಿರ್ಹಮ್. ಎಲ್ಲ ಸರಿಯಿದ್ದರೆ ಇನ್ಶೂರೆನ್ಸ್ ಕೊಡುತ್ತೆ. ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ, ಕುಡಿದು ಓಡಿಸಿದ್ದರೆ, ಇನ್ಶೂರೆನ್ಸ್‌ನವರು ಮೊದಲು ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಆ ಸಾಲ ಎಷ್ಟು ವರ್ಷದ ದುಡಿಮೆ ಅಂತ ನಿಮ್ಮ ಸಂಬಳ ಹಿಡಿದು ನೀವೇ ಲೆಕ್ಕ ಹಾಕಿ.

ದಿನದ ಸವಾರಿ

ಊರಲ್ಲಿ ಎಡಗಡೆ, ಇಲ್ಲಿ ಬಲಗಡೆ. ದಿನವಿಡೀ ಟ್ರಾಫಿಕ್ ಜೊತೆ ಹೋಗುವಾಗ ತಪ್ಪೋದಿಲ್ಲ. ತಪ್ಪೋದು ಯಾವಾಗ ಅಂದರೆ ಬೆಳಗಿನ ಜಾವ ಖಾಲಿ ರಸ್ತೆಗೆ ಇಳಿದಾಗ, ಪೆಟ್ರೋಲ್ ಬಂಕಿನಿಂದ ಹೊರಗೆ ಬಂದಾಗ, ರಜೆ ಮುಗಿಸಿ ಊರಿಂದ ಬಂದ ಮೊದಲ ವಾರ. ಎದುರು ಗಾಡಿ ಇಲ್ಲದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತೆ. ಆ ಮೂರು ಹೊತ್ತಲ್ಲಿ ಮನಸ್ಸಲ್ಲೇ "ಬಲ, ಬಲ" ಅಂದ್ಕೊಂಡು ಹೋಗಿ. ರೌಂಡ್ ಅಬೌಟಿನಲ್ಲಿ ಎಡಗಡೆಯಿಂದ ಸುತ್ತಿ ಬರುವ ಗಾಡಿಗೆ ಮೊದಲ ದಾರಿ.

ದುಬೈನಲ್ಲಿ 2025ರ ನವೆಂಬರ್ 1ರಿಂದ ಡೆಲಿವರಿ ಬೈಕುಗಳಿಗೆ ಲೇನ್ ನಿಯಮ ಬಂದಿದೆ. ಐದು ಅಥವಾ ಹೆಚ್ಚು ಲೇನಿನ ರಸ್ತೆಯಲ್ಲಿ ಎಡತುದಿಯ ಎರಡು ಲೇನ್ ನಮಗಿಲ್ಲ. ಮೂರು, ನಾಲ್ಕು ಲೇನಿನ ರಸ್ತೆಯಲ್ಲಿ ಎಡತುದಿಯ ಒಂದು ಲೇನ್ ಇಲ್ಲ. ಆರ್ಡರ್ ಲೇಟ್ ಆಯ್ತು ಅನ್ನೋದು ಕ್ಯಾಮೆರಾಗೆ ಗೊತ್ತಾಗಲ್ಲ. ಫೈನ್ ಯಾರು ಕಟ್ಟಬೇಕು ಅಂತ ಆಮೇಲೆ ಕಂಪನಿ ಜೊತೆ ಜಗಳ ಆಡೋದಕ್ಕಿಂತ ಐದು ನಿಮಿಷ ತಡ ಆಗೋದೇ ಮೇಲು.

ಬೇಸಿಗೆಯ ಮಾತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಹೊರಗಿನ ಕೆಲಸ ಮಾಡಿಸುವಂತಿಲ್ಲ. ಆದರೆ ಡೆಲಿವರಿ ಆ ಹೊತ್ತಲ್ಲೂ ನಡೆಯುತ್ತೆ ಅನ್ನೋದು ನಿಮಗೆ ಗೊತ್ತು. ದುಬೈನಲ್ಲಿ ಆರ್‌ಟಿಎ ರೈಡರುಗಳಿಗಾಗಿಯೇ 40 ಎಸಿ ವಿಶ್ರಾಂತಿ ಕೊಠಡಿ ಮಾಡಿದೆ. ಅವನ್ನು ಬಳಸಿ. ಅದು ನಿಮಗೋಸ್ಕರ ಇರೋದು, ಯಾರ ಉಪಕಾರವೂ ಅಲ್ಲ. ಬಾಯಾರಿಕೆ ಆಗೋವರೆಗೆ ಕಾಯಬೇಡಿ, ನೀರು ಕುಡೀತಾ ಇರಿ. ತಲೆ ಸುತ್ತಿ, ಬೆವರು ನಿಂತು, ಚರ್ಮ ಬಿಸಿಯಾದರೆ ಅದು ಸುಸ್ತಲ್ಲ, ಬಿಸಿಲು ಬಡಿದಿರೋದು. ಬೈಕ್ ನಿಲ್ಲಿಸಿ, ನೆರಳಿಗೆ ಹೋಗಿ, ಯಾರನ್ನಾದರೂ ಕರೀರಿ.

ಬೆಳಿಗ್ಗೆ ಎರಡೇ ನಿಮಿಷ ಬೈಕ್ ಸುತ್ತ ಒಂದು ಸುತ್ತು ಬನ್ನಿ. ಟೈರಿನ ಗಾಳಿ, ಎರಡೂ ಬ್ರೇಕ್, ಚೈನ್ ಸಡಿಲ, ಹಿಂದಿನ ಲೈಟು, ಕನ್ನಡಿ. ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಬೇಕು. ಮರಳು ಗಾಳಿ ಎದ್ದ ಮರುದಿನ ಚೈನ್ ಒರೆಸಿ ಎಣ್ಣೆ ಹಾಕಿ. ಏನಾದ್ರೂ ಕೆಟ್ಟಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಫೋಟೋ ತೆಗೆದು ಸೂಪರ್‌ವೈಸರಿಗೆ ವಾಟ್ಸಾಪ್ ಕಳಿಸಿ. ನಾಳೆ "ನೀನೇ ಹಾಳು ಮಾಡಿದ್ದು" ಅಂದಾಗ ಆ ಫೋಟೋ, ಅದರ ತಾರೀಕು ನಿಮ್ಮ ಪರವಾಗಿ ಮಾತಾಡುತ್ತೆ.

ಬಿದ್ದರೆ

ಪೊಲೀಸಿಗೆ 999, ಆಂಬ್ಯುಲೆನ್ಸಿಗೆ 998. ಎಷ್ಟೇ ಸಣ್ಣದಾದರೂ ಜಾಗ ಬಿಟ್ಟು ಓಡಬೇಡಿ. ಪೊಲೀಸ್ ರಿಪೋರ್ಟ್ ಇಲ್ಲದೆ ಇಲ್ಲಿ ಯಾವ ಗ್ಯಾರೇಜೂ ಆಕ್ಸಿಡೆಂಟ್ ಗಾಡಿ ಮುಟ್ಟುವಂತಿಲ್ಲ. ರಿಪೋರ್ಟಿನ ಒಂದು ಕಾಪಿ ನಿಮ್ಮ ಫೋನಿನಲ್ಲಿ ಇರಲಿ.

ಡ್ಯೂಟಿಯಲ್ಲಿದ್ದಾಗ ಪೆಟ್ಟಾದರೆ ಗುಣವಾಗೋವರೆಗಿನ ಚಿಕಿತ್ಸೆ ಖರ್ಚು ಮಾಲೀಕನದು. ಮೊದಲ ಆರು ತಿಂಗಳವರೆಗೆ ಪೂರ್ತಿ ಸಂಬಳ, ಅದಕ್ಕೂ ಮೇಲೆ ಹೋದರೆ ಇನ್ನೂ ಆರು ತಿಂಗಳವರೆಗೆ ಅರ್ಧ ಸಂಬಳ ಕೊಡಬೇಕು. ಜೀವವೇ ಹೋದರೆ ಕುಟುಂಬಕ್ಕೆ 24 ತಿಂಗಳ ಮೂಲವೇತನ, ಕನಿಷ್ಠ 18,000, ಗರಿಷ್ಠ 2 ಲಕ್ಷ ದಿರ್ಹಮ್. ಸುರಕ್ಷತಾ ನಿಯಮ ಬೇಕಂತಲೇ ಮುರಿದಿದ್ದರೆ ಈ ಹಕ್ಕು ತಪ್ಪಿಹೋಗಬಹುದು. ಹೆಲ್ಮೆಟ್ ಪಟ್ಟಿ ಹಾಕೋದು ಪೊಲೀಸರಿಗಾಗಿ ಅಲ್ಲ ಅಂತ ಇದಕ್ಕೇ ಹೇಳೋದು.

ಊರಲ್ಲಿ ಕೊಡಿಸುವ ಬೈಕ್

ಇಲ್ಲಿ ದುಡಿದು ಊರಲ್ಲಿ ತಮ್ಮನಿಗೋ ಮಗನಿಗೋ ಬೈಕ್ ಕೊಡಿಸೋದು ನಮ್ಮಲ್ಲಿ ಬಹಳ ಜನ ಮಾಡುವ ಕೆಲಸ. ಸಂತೋಷದ ವಿಷಯ. ಅಲ್ಲೂ ಅದೇ ಪ್ರಶ್ನೆ: ಯಾರ ಹೆಸರಲ್ಲಿ?

ಹುಡುಗನಿಗೆ 18 ತುಂಬದೆ ಬೈಕ್ ಕೊಟ್ಟು ಅವನು ಅಪಘಾತ ಮಾಡಿದರೆ, ನಮ್ಮ ದೇಶದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಬೈಕಿನ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ನೀವು ಇಲ್ಲಿ ಇರ್ತೀರಿ, ಠಾಣೆ ಮೆಟ್ಟಿಲು ಹತ್ತೋದು ಮನೆಯಲ್ಲಿರುವ ಹೆಂಗಸು.

ತಮ್ಮನಿಗೆ 18 ಆಗಿ ಲೈಸೆನ್ಸ್ ಇದ್ದರೆ ಆರ್‌ಸಿ ಅವನ ಹೆಸರಿಗೇ ಮಾಡಿಸಿ. ಊರಿನ ಇನ್ಶೂರೆನ್ಸಿನಲ್ಲಿ ಮಾಲೀಕ-ಚಾಲಕನಿಗೆ ಅಂತ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತೆ. ಅದು ಆರ್‌ಸಿಯಲ್ಲಿ ಹೆಸರಿರುವವನಿಗೆ. ಪ್ರೀತಿಯಿಂದ ಬೈಕನ್ನು ನಿಮ್ಮ ಹೆಸರಿಗೆ ಮಾಡಿಸಿ ತಮ್ಮ ಓಡಿಸ್ತಾ ಇದ್ದರೆ, ಅವನು ಬಿದ್ದ ದಿನ ಆ ದುಡ್ಡು ಅವನಿಗೆ ಸಿಗಲ್ಲ. ಬೈಕ್ ಜೊತೆ ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ಕೊಡಿಸಿ, ಒಂದು ಹಿಂದೆ ಕೂರುವವರಿಗೆ.

ಕೊನೆಯದಾಗಿ

ಸಂಬಳ, ಕಡಿತ, ಬೈಕಿನ ಕಂತಿನ ತಕರಾರು ಇದ್ದರೆ ಕಾರ್ಮಿಕ ಇಲಾಖೆಯ ದೂರು ನಂಬರ್ 80084. ದೂರು ಕೊಡೋಕೆ ದುಡ್ಡಿಲ್ಲ. ಕೆಲಸ ಮುಗಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು, ಊರಿಗೆ ಹೋಗಿ ಬಂದಮೇಲೆ ನೋಡೋಣ ಅಂತ ಬಿಡಬೇಡಿ. ಭಾರತೀಯ ಕಾರ್ಮಿಕರಿಗಾಗಿ ಇರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 80046342.

ಈಗ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ರೂಮಿಗೆ ಹೋಗಿ ಮುಲ್ಕಿಯಾ, ಇನ್ಶೂರೆನ್ಸ್ ಪಾಲಿಸಿ, ಕಂತಿನ ಕಾಗದ, ಲೇಬರ್ ಕಾಂಟ್ರಾಕ್ಟ್ ನಾಲ್ಕರದ್ದೂ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಯಾವುದಾದರೂ ಒಂದು ಕಾಗದ ಸಿಗದಿದ್ದರೆ ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಕೇಳಿ. ಕೇಳೋಕೆ ಸಂಕೋಚ ಆದರೆ ನಮ್ಮ ವೇದಿಕೆಗೆ ಬನ್ನಿ, ನಾವು ಕೂತು ಜೊತೆಗೆ ಓದೋಣ. ನಿಧಾನವಾಗಿ ಹೋಗಿ, ಕ್ಷೇಮವಾಗಿ ಬನ್ನಿ.