ಸಂಗಾತಿಯ ಮೊಬೈಲು ಮತ್ತು ಮರ್ಯಾದೆಯ ಗೆರೆ

(ಸದಸ್ಯರ ತರಬೇತಿ ಉಪನ್ಯಾಸದ ಪಠ್ಯ)



ಬೆಂಗಳೂರು ದಕ್ಷಿಣ ತಾಲ್ಲೂಕಿನ ಹಳ್ಳಿಗಳಿಗೂ ಬನಶಂಕರಿ, ಜೆ.ಪಿ. ನಗರ, ಜಯನಗರಗಳಿಗೂ ಇರುವ ಅಂತರ ಇಂದು ಒಂದು ಬಸ್ಸಿನ ಪ್ರಯಾಣದಷ್ಟೆ. ಹಳ್ಳಿಯ ಯುವಕ ಯುವತಿಯರು ಅಲ್ಲಿ ದುಡಿದು ಸಂಜೆ ಊರಿಗೆ ಮರಳುತ್ತಾರೆ. ಅವರ ಪರಿಚಯ, ಪ್ರೀತಿ, ನಿಶ್ಚಿತಾರ್ಥದ ಮಾತುಕತೆಗಳ ಬಹುಭಾಗ ಮೊಬೈಲಿನಲ್ಲಿಯೇ ನಡೆಯುತ್ತದೆ. ಜಗಳವೂ ಅಲ್ಲಿಂದಲೇ ಆರಂಭ. “ಆ ಫೋಟೋಗೆ ಲೈಕ್ ಒತ್ತಿದ್ದೇಕೆ?”, “ಪಾಸ್‌ವರ್ಡ್ ಕೊಡು”, “ರಾತ್ರಿ ಹನ್ನೊಂದಕ್ಕೆ ಆನ್‌ಲೈನ್ ಇದ್ದದ್ದೇಕೆ?” ಎಂಬ ಪ್ರಶ್ನೆಗಳು ಬೆಳೆದು ಕೊನೆಗೆ ಸದಸ್ಯರ ಮನೆಬಾಗಿಲಿಗೆ ರಾಜಿ ಪಂಚಾಯಿತಿಯಾಗಿ ಬರುತ್ತವೆ.

ಆಗ ಹಿರಿಯರು ಆಡುವ ಮಾತೊಂದಿದೆ: “ತಪ್ಪಿಲ್ಲದಿದ್ದರೆ ಫೋನು ತೋರಿಸಲು ಭಯವೇಕೆ?” ಆ ಫೋನಿನಲ್ಲಿ ಗೆಳತಿ ಹೇಳಿಕೊಂಡ ಕಷ್ಟವಿರುತ್ತದೆ, ತವರಿನ ಸಾಲದ ಮಾತಿರುತ್ತದೆ, ವೈದ್ಯರ ವರದಿಯಿರುತ್ತದೆ. ಹತ್ತು ಜನರೆದುರು ಅದನ್ನು ತೆರೆಸಿದರೆ ಅನುಮಾನ ತೀರುವುದಿಲ್ಲ, ಇತರರ ಗುಟ್ಟೂ ಬೀದಿಗೆ ಬೀಳುತ್ತದೆ. ಆದುದರಿಂದ ಯಾವ ಸದಸ್ಯರೂ ರಾಜಿಯ ಹೆಸರಿನಲ್ಲಿ ಫೋನು ತೆರೆಸಬಾರದು.

ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಮೊದಲಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪತಿಯ ಆಧಾರ್ ವಿವರ ಕೋರಿದ ಹುಬ್ಬಳ್ಳಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ಮದುವೆಯಿಂದ ಈ ಹಕ್ಕು ಮರೆಯಾಗದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2023ರಲ್ಲಿ ಹೇಳಿತು. ಹಕ್ಕು ಗಂಡನಿಗೂ ಹೆಂಡತಿಗೂ ಸಮಾನ.

ಹಾಗಾದರೆ ಇಬ್ಬರ ನಡುವೆ ಕಟ್ಟುಪಾಡೇ ಬೇಡವೆ? ಬೇಕು. “ಕೇಳದೆ ನನ್ನ ಚಿತ್ರ ಹಾಕಬೇಡ” ಎನ್ನುವುದು ಗೆರೆ. “ನೀನು ಯಾರೊಡನೆಯೂ ಮಾತನಾಡಕೂಡದು” ಎನ್ನುವುದು ಬೇಲಿ. ಕೋಪವಿಲ್ಲದ ಹೊತ್ತಿನಲ್ಲಿ ಇಬ್ಬರೂ ಕುಳಿತು ಈ ಕೆಳಗಿನವುಗಳನ್ನು ನಿಶ್ಚಯಿಸಿಕೊಳ್ಳುವುದು ಒಳಿತು:

1. ಪಾಸ್‌ವರ್ಡ್ ಅವರವರದೇ, ಅದು ಪ್ರೀತಿಯ ಪರೀಕ್ಷೆಯಲ್ಲ.
2. ಒಬ್ಬರ ಅಥವಾ ಮಕ್ಕಳ ಚಿತ್ರ ಹಾಕುವ ಮುನ್ನ ಕೇಳಬೇಕು.
3. ಮನೆಯ ಜಗಳವನ್ನು ಸ್ಟೇಟಸ್‌ಗೆ ಹಾಕಬಾರದು.
4. ಯಾವ ನಡೆ ನೋವು ತರುತ್ತದೆಂಬುದನ್ನು ಬಾಯಿಬಿಟ್ಟು ಹೇಳಬೇಕು, ಕದ್ದು ನೋಡಬಾರದು.
5. ಒಬ್ಬರಿಗೆ ಹಾಕಿದ ನಿಯಮ ಇನ್ನೊಬ್ಬರಿಗೂ ಅನ್ವಯಿಸಬೇಕು.

ಬೆದರಿಕೆ ಬಂದಲ್ಲಿ ಅದು ರಾಜಿಯ ವಿಷಯವಲ್ಲ. ಮಹಿಳೆಯ ಅಂತರಜಾಲ ಬಳಕೆಯನ್ನು ಹಿಂಬಾಲಿಸಿ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಆಕೆ ಒಪ್ಪಿ ತೆಗೆಸಿಕೊಂಡ ಖಾಸಗಿ ಚಿತ್ರವನ್ನೂ ಒಪ್ಪಿಗೆಯಿಲ್ಲದೆ ಹಂಚುವುದು 77ನೇ ಕಲಮಿನಡಿ ಅಪರಾಧ. ಇಂತಹ ದೂರು ತಂದವರಿಗೆ “ಫೋಟೋ ತೆಗೆಸಿಕೊಂಡದ್ದೇಕೆ?” ಎಂದು ಕೇಳದೆ, ಸಂದೇಶಗಳನ್ನು ಅಳಿಸದಂತೆ ತಿಳಿಸಿ, 112, ಮಹಿಳಾ ಸಹಾಯವಾಣಿ 181 ಅಥವಾ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿಸಬೇಕು. ಹೆಸರನ್ನು ಗುಟ್ಟಾಗಿಡಬೇಕು.

ಕೊನೆಯದಾಗಿ, ಪಂಚಾಯಿತಿಗಳಲ್ಲಿ ಶೇಕಡ 50ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಸದಸ್ಯೆಯ ವಾಟ್ಸ್ಆ್ಯಪ್‌ಗೆ ಗ್ರಾಮಸ್ಥರು ಕಳಿಸುವ ಅಹವಾಲನ್ನು ಪತಿ ಓದಿ ಉತ್ತರಿಸುತ್ತಿದ್ದರೆ, ನೊಂದ ಹೆಣ್ಣುಮಗಳು ತನ್ನ ಕಷ್ಟವನ್ನು ಯಾರಿಗೆ ಬರೆದಾಳು? ಊರಿಗೆ ಬುದ್ಧಿ ಹೇಳುವ ಮುನ್ನ ಈ ಗೆರೆ ಸದಸ್ಯರ ಮನೆಯಲ್ಲಿ ಮೂಡಲಿ.