ದೋಬಿ ಲೆಕ್ಕ, 70 ಮೈಲಿ



ನೃತ್ಯಕ್ಕೂ ಊಟಕ್ಕೂ ನಡುವೆ ಸಾಹಿತ್ಯ ಮಾತಾಡಲು ನಿಂತವರಿಗೆ ತಮ್ಮ ಜಾಗ ಗೊತ್ತಿರಬೇಕು. ಒಬ್ಬಳೇ ಒಬ್ಬ ಹುಡುಗಿಯ ವಿಷಯ ಹೇಳಿ ಇಳಿದುಬಿಡುತ್ತೇನೆ.

ಜೇನ್ ಆಸ್ಟಿನ್ ಅವರ 'ನಾರ್ಥ್ಯಾಂಗರ್ ಆಬಿ'ಯ ಕ್ಯಾಥರೀನ್. ಆ ಕಾದಂಬರಿಯ ಪಾಡೇ ಒಂದು ಕಥೆ. 1803ರಲ್ಲಿ 10 ಪೌಂಡಿಗೆ ಹಸ್ತಪ್ರತಿ ಕೊಂಡ ಪ್ರಕಾಶಕ ಅಚ್ಚು ಹಾಕಲೇ ಇಲ್ಲ. ಅದು ಹೊರಬಂದದ್ದು 1817ರ ಕೊನೆಗೆ, ಲೇಖಕಿ ತೀರಿಕೊಂಡ ಮೇಲೆ.

ಕ್ಯಾಥರೀನ್‌ಗೆ 17 ವರ್ಷ. ಹಳ್ಳಿ ಪಾದ್ರಿಯ ಮಗಳು, ಮನೆ ತುಂಬ 10 ಮಕ್ಕಳು. ಬಾತ್ ಪಟ್ಟಣಕ್ಕೆ ಬಂದವಳು ಯಾರು ಏನಂದರೂ ನಂಬುತ್ತಾಳೆ. ಆನ್ ರ‍್ಯಾಡ್‌ಕ್ಲಿಫ್‌ರ ಭಯಾನಕ ಕಾದಂಬರಿಯನ್ನಂತೂ ಇನ್ನೂ ಹೆಚ್ಚು ನಂಬುತ್ತಾಳೆ. ಬಾತ್‌ನಲ್ಲಿ ಪರಿಚಯವಾದ ಜನರಲ್ ಟಿಲ್ನಿಯ ಹಳೇ ಬಂಗಲೆಗೆ ಅತಿಥಿಯಾಗಿ ಹೋದ ಮೊದಲ ರಾತ್ರಿ ಹೊರಗೆ ಬಿರುಗಾಳಿ. ಕೋಣೆಯಲ್ಲೊಂದು ಕಪ್ಪು ಬೀರು. ಒಂದೊಂದೇ ಖಾನೆ ಎಳೆದಾಗ ಕೊನೆಗೆ ಸಿಕ್ಕಿತು ಒಂದು ಕಾಗದದ ಸುರುಳಿ. ಅಷ್ಟರಲ್ಲಿ ಮೇಣದಬತ್ತಿ ನಂದಿತು. ರಾತ್ರಿಯಿಡೀ ನಡುಗಿ, ಬೆಳಗ್ಗೆ ಬಿಚ್ಚಿ ನೋಡಿದರೆ ಅಂಗಿ ಇಷ್ಟು, ಕಾಲುಚೀಲ ಇಷ್ಟು ಅನ್ನುವ ದೋಬಿ ಲೆಕ್ಕ!

ಇಷ್ಟಾದರೂ ಬುದ್ಧಿ ಬರಲಿಲ್ಲ. ಜನರಲ್ ಹೆಂಡತಿಯನ್ನು ಕೊಂದಿರಬೇಕು ಎಂದು ಶಂಕಿಸುತ್ತಾಳೆ. ಅವನ ಮಗ ಹೆನ್ರಿ, ಇವಳು ಮನಸ್ಸಿಟ್ಟ ಹುಡುಗ, ಅದನ್ನು ಕಂಡುಹಿಡಿದು ಗದರುತ್ತಾನೆ. ಇವಳು ಅಳುತ್ತಾ ಓಡುತ್ತಾಳೆ. ಅವಳು ಬೆಳೆದದ್ದು ಅಲ್ಲಿ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಸಿಕ್ಕಿಬಿದ್ದರೆ ಯಾರಾದರೂ ಅಳುತ್ತಾರೆ. ಅಲ್ಲದೆ ಆ ಜನರಲ್ ಕೊಲೆಗಾರನಲ್ಲದಿದ್ದರೂ ಸಜ್ಜನನೇನಲ್ಲ. ಹುಡುಗಿ ವಾಸನೆ ಹಿಡಿದದ್ದು ಸರಿ, ಹೆಸರಿಟ್ಟದ್ದು ತಪ್ಪು.

ಇವಳು ತಾನೆಣಿಸಿದಷ್ಟು ಸಿರಿವಂತಳಲ್ಲ ಎಂದು ತಿಳಿದದ್ದೇ, ಜನರಲ್ ಅವಳನ್ನು ಬೆಳಗ್ಗೆ ಏಳಕ್ಕೆ ಗಾಡಿ ಹತ್ತಿಸಿಬಿಟ್ಟ. 70 ಮೈಲಿ, ಜೊತೆಗೆ ಒಬ್ಬ ಆಳೂ ಇಲ್ಲ. ದಾರಿಖರ್ಚಿಗೆ ಅವನ ಮಗಳು ಎಲಿನರ್ ಕೊಟ್ಟ ಸಾಲ. ಮೊದಲ ಸಲ ಒಬ್ಬರೇ ರೈಲು ಹತ್ತಿ ಈ ಊರಿಗೆ ಬಂದ ಅಮ್ಮಂದಿರು ಇಲ್ಲಿದ್ದೀರಿ, ನಿಮಗೆ ನಾನು ವಿವರಿಸಬೇಕಿಲ್ಲ. ಸಂಜೆ ಹೊತ್ತಿಗೆ ಅವಳು ಮನೆ ಸೇರಿದಳು. ಗಾಡಿಯಲ್ಲಿ ಏನೂ ಮರೆತು ಬಂದಿಲ್ಲ ತಾನೇ ಅನ್ನುವುದು ತಾಯಿಯ ಚಿಂತೆ.

ಮರುದಿನ ತಿಂಡಿ ಮುಗಿದ ಕೂಡಲೇ ಎಲಿನರ್‌ಗೆ ಪತ್ರ ಬರೆಯಲು ಕೂರುತ್ತಾಳೆ. ಕೃತಜ್ಞತೆ ಇರಬೇಕು, ದೈನ್ಯ ಇರಬಾರದು. ಸುಳ್ಳಿರಬಾರದು, ಸಿಟ್ಟೂ ಇರಬಾರದು. ಗೆಳತಿಗೆ ನೋವಾಗಬಾರದು. ಹೆನ್ರಿ ಓದಿಬಿಟ್ಟರೂ ತಾನು ತಲೆ ತಗ್ಗಿಸುವಂತಿರಬಾರದು. ದೋಬಿ ಲೆಕ್ಕದಲ್ಲೂ ಮಹಾರಹಸ್ಯ ಕಂಡವಳಿಗೆ ಈಗ ಒಂದು ಸಾಲೂ ಸುಲಭಕ್ಕೆ ಹೊರಡುವುದಿಲ್ಲ. ಬಹಳ ಹೊತ್ತು ಯೋಚಿಸಿ, ಸಾಲದ ಹಣ ಒಳಗಿಟ್ಟು, ಥ್ಯಾಂಕ್ಸು ಮತ್ತು ಶುಭಾಶಯವಷ್ಟೇ ಬರೆದು ಮುಗಿಸುತ್ತಾಳೆ.