ಮೂಲೆಯಿಂದ ಎಸೆದ ಚೆಂಡು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಸಂಘಟಕರು ಹೇಳಿದ್ದರು. ಅದನ್ನು ಈ ಮಕ್ಕಳು ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ನಾನು ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನ ವಿಷಯ ಹೇಳುತ್ತೇನೆ. ಹೆಸರು ರೇ ಅಲೆನ್, ಅಮೆರಿಕದವರು, ಈಗ ನಿವೃತ್ತರು. ಕಬಡ್ಡಿ, ವಾಲಿಬಾಲ್ ಊರಿನಲ್ಲಿ ಇವರ್ಯಾಕೆ ಎಂದು ಕೇಳಬಹುದು. ಕಾರಣ ಇದೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆಯದಾಯಿತು, ಶೇಕಡಾ 50 ಚಿಲ್ಲರೆ. ಆಗ ಬೆಂಗಳೂರಿನಲ್ಲಿ ಒಬ್ಬರು ನನ್ನೆದುರಿಗೇ, "ನಿಮ್ಮ ಕಡೆಯವರ ತಲೆಯೇ ಅಷ್ಟು ಬಿಡಿ" ಅಂದರು. ಅದಕ್ಕಿಂತ ನೋವಾದದ್ದು, ನಮ್ಮೂರಿನ ಕಟ್ಟೆ ಮೇಲೂ ಇದೇ ಮಾತು ಕೇಳಿದಾಗ.

ಈ ಆಟದಲ್ಲಿ ರಿಂಗು ಹತ್ತು ಅಡಿ ಎತ್ತರದಲ್ಲಿರುತ್ತದೆ. ದೂರದಿಂದ ಚೆಂಡು ಹಾಕುವುದೇ ಮುಖ್ಯ ಕೆಲಸವಾದವನನ್ನು ಶೂಟಿಂಗ್ ಗಾರ್ಡ್ ಅನ್ನುತ್ತಾರೆ. ಅಂಕಣದಲ್ಲಿ ಒಂದು ಕಮಾನು ಗೆರೆ ಇದೆ. ಅದರ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಅಂಕ. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಈ ಗೆರೆ ಬಂದದ್ದು 1979ರಲ್ಲಿ.

ಅಲೆನ್ ಹುಟ್ಟಿದ್ದು 1975ರಲ್ಲಿ. ತಂದೆ ವಾಯುಪಡೆಯಲ್ಲಿದ್ದರು. ವರ್ಗವಾದಲ್ಲೆಲ್ಲ ಸಂಸಾರ ಹೋಗುತ್ತಿತ್ತು, ಇಂಗ್ಲೆಂಡಿನಲ್ಲೂ ಕೆಲ ವರ್ಷ ಇದ್ದರು. ಮುಂದೆ ದಕ್ಷಿಣ ಕೆರೊಲಿನಾದ ಒಂದು ಸಣ್ಣ ಊರಿನ ಶಾಲೆ ಸೇರಿದಾಗ ಇವರ ಮಾತಿನ ಧಾಟಿ ಕೇಳಿ ಹುಡುಗರು ನಕ್ಕರಂತೆ. ಇಂಜಿನಿಯರಿಂಗ್ ಮೊದಲ ವರ್ಷ ಹಾಸ್ಟೆಲಿನಲ್ಲಿ ನಾನು "ಊಟಕ್ಕ ಹೊಂಟೀನಿ" ಅಂದಾಗ ಎದ್ದ ನಗು ನನಗೆ ಇನ್ನೂ ನೆನಪಿದೆ, ಅದಕ್ಕೇ ಈ ಸಂಗತಿ ಮನಸ್ಸಿನಲ್ಲಿ ಉಳಿಯಿತು. ಹುಡುಗನಾಗಿದ್ದಾಗ ಬಲಗೈಯಲ್ಲಿ ಐದು, ಎಡಗೈಯಲ್ಲಿ ಐದು ಚೆಂಡು ಬುಟ್ಟಿಗೆ ಬೀಳದ ಹೊರತು ಮೈದಾನ ಬಿಡುತ್ತಿರಲಿಲ್ಲ. ಒಮ್ಮೆ ಹೊತ್ತಾಯಿತೆಂದು ಬಿಡಿಸಿ ಕಳಿಸಿದರೆ ಅತ್ತುಬಿಟ್ಟರಂತೆ.

1996ರಲ್ಲಿ ಮಿಲ್‌ವಾಕಿ, 2003ರಲ್ಲಿ ಸಿಯಾಟಲ್, 2007ರಲ್ಲಿ ಬಾಸ್ಟನ್, 2012ರಲ್ಲಿ ಮಯಾಮಿ: ಹದಿನೆಂಟು ಸೀಸನ್, 1300 ಪಂದ್ಯ. ನಡುವೆ 2000ದ ಸಿಡ್ನಿ ಒಲಿಂಪಿಕ್ಸ್ ಚಿನ್ನ, 2008ರಲ್ಲಿ ಬಾಸ್ಟನ್ ಜೊತೆ ಚಾಂಪಿಯನ್ ಪಟ್ಟ. ಗೆರೆಯಾಚೆಯಿಂದ ಹಾಕಿದ್ದು ಒಟ್ಟು 2973. ಆಗ ಅದು ದಾಖಲೆ. 2021ರಲ್ಲಿ ಸ್ಟೆಫ್ ಕರಿ ಅದನ್ನು ಮುರಿದ ದಿನ ಅಲೆನ್ ತಾವೇ ಬಂದು ಅಂಕಣದ ಪಕ್ಕ ಕೂತಿದ್ದರು. ಮಕ್ಕಳೇ, ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಆ ದೂರದಿಂದ ಅವರು ನೂರು ಸಲ ಎಸೆದರೆ ಬೀಳುತ್ತಿದ್ದದ್ದು ನಲವತ್ತು. ಅರವತ್ತು ತಪ್ಪುತ್ತಿದ್ದವು. ಇಷ್ಟಾದರೂ ಅವರು ಆ ಕಾಲಕ್ಕೆ ಎಲ್ಲರಿಗಿಂತ ಮುಂದೆ.

ಪಂದ್ಯ ಶುರುವಾಗುವ ಮೂರು ತಾಸು ಮೊದಲೇ ಬಂದು, ಖಾಲಿ ಕ್ರೀಡಾಂಗಣದಲ್ಲಿ ಅವವೇ ಜಾಗಗಳಿಂದ ಎಸೆಯುತ್ತಿದ್ದರು. ಊಟವೂ ಅದೇ, ಕೋಳಿ ಮತ್ತು ಅನ್ನ. ವೃತ್ತಿಯ ಮೊದಲ ವರ್ಷಗಳಲ್ಲೇ ಒಂದು ವಿಚಿತ್ರ ಅಭ್ಯಾಸ ಮಾಡಿಕೊಂಡಿದ್ದರು. ರಿಂಗಿನ ಕೆಳಗೆ ನೆಲದ ಮೇಲೆ ಮಲಗುವುದು, ತಟ್ಟನೆ ಎದ್ದು ಹಿಂದೆ ಹಿಂದೆ ಓಡುತ್ತ ಮೂಲೆಗೆ ಹೋಗುವುದು, ಕೋಚ್ ಎಸೆದ ಚೆಂಡು ಹಿಡಿದು ಗೆರೆ ತುಳಿಯದೆ ಹೊಡೆಯುವುದು. ನೋಡಿದವರಿಗೆ ಹುಚ್ಚು ಅನ್ನಿಸಿರಬೇಕು.

2013ರ ಜೂನ್ 18, ಫೈನಲ್ಸ್ ಸರಣಿಯ ಆರನೇ ಪಂದ್ಯ. ಮಯಾಮಿ 92, ಸ್ಯಾನ್ ಆಂಟೋನಿಯೊ 95. ಸೋತರೆ ಸರಣಿಯೇ ಹೋಯಿತು. ಎದುರಾಳಿಗೆ ಕಪ್ ಕೊಡುವ ತಯಾರಿಗಾಗಿ ಸಿಬ್ಬಂದಿ ಅಂಕಣದ ಸುತ್ತ ಹಳದಿ ಹಗ್ಗ ತಂದಿದ್ದರು, ಜನ ಎದ್ದು ಹೋಗುತ್ತಿದ್ದರು. ಲೆಬ್ರಾನ್ ಜೇಮ್ಸ್ ಹೊಡೆದದ್ದು ತಪ್ಪಿತು. ಮರಳಿ ಬಂದ ಚೆಂಡನ್ನು ಕ್ರಿಸ್ ಬಾಶ್ ಹಿಡಿದರು. ಅಷ್ಟರಲ್ಲಿ ಅಲೆನ್ ರಿಂಗಿನ ಕೆಳಗಿನಿಂದ ಹಿಂದೆ ಹಿಂದೆ ಓಡುತ್ತ ಬಲಮೂಲೆಗೆ ಹೋಗಿಬಿಟ್ಟಿದ್ದರು. ಕಾಲ ಕೆಳಗೆ ನೋಡಲಿಲ್ಲ. ಚೆಂಡು ಕೈಗೆ ಬಂತು, ಬುಟ್ಟಿಗೆ ಬಿತ್ತು, 95-95. ಉಳಿದದ್ದು 5.2 ಸೆಕೆಂಡು. ಗೆರೆ ತುಳಿದಿದ್ದಾರೇನೋ ಎಂದು ರೆಫರಿಗಳು ವಿಡಿಯೊ ನೋಡಿದರು, ತುಳಿದಿರಲಿಲ್ಲ. ಹೆಚ್ಚುವರಿ ಸಮಯದಲ್ಲಿ 103-100ರಿಂದ ಗೆದ್ದರು, ಮುಂದಿನ ಪಂದ್ಯವೂ ಗೆದ್ದು ಚಾಂಪಿಯನ್ ಆದರು. ಅಲೆನ್‌ಗೆ ಆಗ ಮೂವತ್ತೇಳು ವರ್ಷ.

ದೇವರು ನಿಮಗೆ ಚಂದದ ಹೊಡೆತ ಕೊಟ್ಟಿದ್ದಾನೆ ಎಂದು ಯಾರಾದರೂ ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ದಿನಾ ಬೆವರು ಸುರಿಸಿದ್ದು ನಾನು, ಅದನ್ನು ಅಳಿಸಬೇಡಿ ಎಂಬ ಅರ್ಥದಲ್ಲಿ ಹೇಳುತ್ತಿದ್ದರು. ದೇವರ ಮೇಲೆ ಭಕ್ತಿಯಿರುವ ನಮ್ಮೂರಲ್ಲಿ ಈ ಮಾತು ಒರಟಾಗಿ ಕೇಳಬಹುದು. ಆದರೆ "ತಲೆಯೇ ಅಷ್ಟು" ಎಂಬುದೂ ಅದೇ ಮಾತಿನ ಇನ್ನೊಂದು ಮುಖ ಅಲ್ಲವೇ? ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸಿದ ಹುಡುಗಿಗೆ ಲೆಕ್ಕ ಬರದಿದ್ದರೆ, ಅದು ತಲೆಯ ವಿಷಯವಲ್ಲ, ತಪ್ಪಿಹೋದ ದಿನಗಳ ವಿಷಯ. ತಂದೆ-ತಾಯಿಗಳ ಕಷ್ಟ ನನಗೆ ಗೊತ್ತು. ಆದರೂ ಹತ್ತನೇ ತರಗತಿಯ ಆ ಕೆಲವು ವಾರಗಳನ್ನು ಮಕ್ಕಳಿಗೆ ಬಿಟ್ಟುಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ನಮ್ಮ ಬ್ಯಾಚಿನ ಗೆಳೆಯರು ನಿನ್ನೆ ರಾತ್ರಿ ಕೂತು ಒಂದು ಮಾತಾಡಿಕೊಂಡಿದ್ದೇವೆ. ಹತ್ತನೇ ತರಗತಿಯವರಿಗೆ ಸಂಜೆ ಗಣಿತ ಮತ್ತು ಇಂಗ್ಲಿಷ್ ಪಾಠ, ವಾರಕ್ಕೆ ಮೂರು ದಿನ, ಪರೀಕ್ಷೆ ಮುಗಿಯುವವರೆಗೆ. ಪಾಠ ಹೇಳುವವರ ಸಂಭಾವನೆ, ಮಕ್ಕಳ ಚಹಾ-ಚುರುಮುರಿ ನಮ್ಮದು. ಜೊತೆಗೆ ಮೈದಾನದ ಒಂದು ಬದಿಗೆ ಎರಡು ಕಂಬ, ಎರಡು ರಿಂಗು. ಮುಖ್ಯ ಗುರುಗಳು ಒಪ್ಪಿ, ಸಂಜೆ ಗೇಟಿನ ಕೀಲಿ ಯಾರ ಕೈಯಲ್ಲಿರಬೇಕು ಎಂದು ಹೇಳಿದರೆ ಸೋಮವಾರದಿಂದಲೇ ಶುರು ಮಾಡುತ್ತೇವೆ.